ಸಂಬಳ ತಗೊಂಡವರಿಗೆ ಸನ್ಮಾನ ಯಾಕೆ?

 

ಇವತ್ತು ಮೂರು ವಾಕ್ಯಭಾಗಗಳನ್ನು ತೆರೆದಿಟ್ಟುಕೊಳ್ಳಿ. ಒಂದನೇ ಸಮುವೇಲ 12, ಮೊದಲ ಐದು ವಚನಗಳು. ಲೂಕ 7, ಮೊದಲ ಹತ್ತು ವಚನಗಳು. ರೋಮಾಪುರದವರಿಗೆ ಬರೆದ ಪತ್ರಿಕೆ 13, ಮೊದಲ ಎಂಟು ವಚನಗಳು. ಮೊಬೈಲ್‌ನಲ್ಲಿ ಓದೋರು ಮೂರು ಕಡೆನೂ ಗುರುತು ಹಾಕ್ಕೊಳ್ಳಿ. ನಾವು ಹಿಂದೆ ಮುಂದೆ ಹೋಗ್ತಾ ಇರ್ತೀವಿ.

ನಾವು ಯೋಚಿಸಬೇಕಾದ ಪ್ರಶ್ನೆ ಇದು. ಸರ್ಕಾರಿ ಕಚೇರಿಯಲ್ಲಿ ಮೂವತ್ತು, ಮೂವತ್ತೈದು ವರ್ಷ ನಿಷ್ಠೆಯಿಂದ ಕೆಲಸ ಮಾಡಿದ ಒಬ್ಬರು ನಿವೃತ್ತಿ ಆಗ್ತಾರೆ. ಬೀಳ್ಕೊಡುಗೆ ಸಮಾರಂಭ ಇಡ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಒಂದು ಗ್ರೂಪ್ ಫೋಟೋ. ಆ ಸಭೆಯಲ್ಲಿ ಕೂತಿರೋ ಒಬ್ಬ ವಿಶ್ವಾಸಿಯ ಮನಸ್ಸಿಗೆ ಮೂರು ಅನುಮಾನ ಬರಬಹುದು. ಒಂದು, ಮಹಿಮೆ ದೇವರೊಬ್ಬನಿಗೇ ಸಲ್ಲಬೇಕಲ್ವಾ, ಮನುಷ್ಯನಿಗೆ ಯಾಕೆ ಇಷ್ಟೊಂದು? ಎರಡು, ಇವರು ಪುಕ್ಕಟೆ ಮಾಡಿಲ್ವಲ್ಲ, ತಿಂಗಳು ತಿಂಗಳು ಸಂಬಳ ತಗೊಂಡಿದ್ದಾರೆ, ಮುಂದೆ ಪಿಂಚಣಿಯೂ ಬರುತ್ತೆ, ಮತ್ತೆ ಸನ್ಮಾನ ಯಾಕೆ? ಮೂರು, ಇವರು ನಮ್ಮ ನಂಬಿಕೆಯವರಲ್ಲ, ಇವರ ಸೇವೆಯನ್ನು ನಾವು ಸಭೆಯಲ್ಲಿ ಕೊಂಡಾಡಬಹುದಾ?

ಈ ಅನುಮಾನಗಳನ್ನು ನಾವು ತಳ್ಳಿಹಾಕಬಾರದು. ಒಂದೊಂದಾಗಿ ವಾಕ್ಯದ ಬೆಳಕಲ್ಲಿ ನೋಡೋಣ.

ವಿಧಾನಸೌಧದ ಮುಂದೆ ಓಡಾಡಿರೋರು ಆ ಬರಹ ನೋಡಿರ್ತೀರ. ‘ಸರ್ಕಾರದ ಕೆಲಸ ದೇವರ ಕೆಲಸ’. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ ಆಗಿದ್ದಾಗ ಆ ಕಟ್ಟಡ ಎದ್ದು ನಿಂತಿತು, 1956ರಲ್ಲಿ ಪೂರ್ತಿಯಾಯ್ತು. ಜನ ಆ ಸಾಲನ್ನು ಜೋಕಿಗೆ ಬಳಸ್ತಾರೆ. ಲಂಚದ ಸುದ್ದಿ ಬಂದಾಗಲೆಲ್ಲ ಆ ಬರಹದ ಫೋಟೋ ಹಾಕಿ ನಗ್ತಾರೆ. ಆದರೆ ಪ್ರಿಯರೇ, ಹತ್ತೊಂಬತ್ತು ನೂರು ವರ್ಷ ಮೊದಲೇ ಪೌಲನು ಹತ್ತಿರ ಹತ್ತಿರ ಅದೇ ಮಾತನ್ನು ಬರೆದಿದ್ದಾನೆ, ರೋಮಾ 13ರಲ್ಲಿ. ಬರೆದಾಗ ರೋಮಿನಲ್ಲಿ ಆಳ್ತಿದ್ದವನು ಯಾರು? ನೀರೋ. ಅಲ್ಲಿದ್ದದ್ದು ಒಳ್ಳೆ ಸರ್ಕಾರ ಅಂತ ಪೌಲ ಹಾಗೆ ಬರೆಯಲಿಲ್ಲ.

ಅಲ್ಲಿ ಒಂದು ಪದ ಗಮನಿಸಿ. ಅಧಿಕಾರಿಯನ್ನು ದೇವರ ಸೇವಕನು ಅಂತ ಕರೆಯುವಾಗ ಪೌಲನು ಬಳಸಿದ ಗ್ರೀಕ್ ಪದ ‘ದಿಯಾಕೊನೋಸ್’. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಆರಂಭದಲ್ಲಿ ಸಭಾಸೇವಕರಿಗೂ ಅದೇ ಪದ ಇದೆ. ನಾವು ‘ದೇವರ ಸೇವಕರು’ ಅಂದರೆ ಪಾಸ್ಟರ್ ಮಾತ್ರ ಅಂದ್ಕೊಂಡಿದ್ದೀವಿ. ‘ಫುಲ್ ಟೈಮ್ ಸೇವೆ’ ಅಂದರೆ ಮೈಕ್ ಹಿಡಿಯೋದು ಅಂದ್ಕೊಂಡಿದ್ದೀವಿ. ಪೌಲನ ಭಾಷೆಯಲ್ಲಿ ನ್ಯಾಯ ಕೊಡೋನು, ತೆರಿಗೆ ವಸೂಲಿ ಮಾಡೋನು ಕೂಡ ಸೇವಕನೇ. ಆಮೇಲೆ ಏಳನೇ ವಚನದಲ್ಲಿ ಪೌಲ ಒಂದು ಪಟ್ಟಿ ಕೊಡ್ತಾನೆ. ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ, ಮರ್ಯಾದೆ ಸಲ್ಲಬೇಕಾದವರಿಗೆ ಮರ್ಯಾದೆ. ಅಂದರೆ ಮರ್ಯಾದೆಯನ್ನು ತೆರಿಗೆಯ ಪಕ್ಕದಲ್ಲೇ ಇಟ್ಟಿದ್ದಾನೆ. ಅದು ನಮ್ಮ ದೊಡ್ಡ ಮನಸ್ಸಿನ ದಾನ ಅಲ್ಲ. ಅದು ಸಾಲ, ತೀರಿಸಬೇಕಾದದ್ದು. ಆರಾಧನೆ ದೇವರೊಬ್ಬನಿಗೇ. ಮರ್ಯಾದೆ ಯಾರಿಗೆ ಸಲ್ಲಬೇಕೋ ಅವರಿಗೆ. ಇವೆರಡನ್ನೂ ಬೇರೆ ಬೇರೆ ಇಡೋದನ್ನು ಕಲಿತರೆ ಮೊದಲನೇ ಅನುಮಾನಕ್ಕೆ ಉತ್ತರ ಸಿಕ್ಕಿಬಿಡುತ್ತೆ.

ಎರಡನೇದು ಸ್ವಲ್ಪ ಗಟ್ಟಿ. ಸಂಬಳ ತಗೊಂಡು ಕೆಲಸ ಮಾಡಿದವರಿಗೆ ಸನ್ಮಾನ ಯಾಕೆ? ಯೇಸುಸ್ವಾಮಿಯೇ ಲೂಕ 17ರಲ್ಲಿ ಹೇಳಿದ್ದಾರಲ್ಲ, ಹೇಳಿದ ಕೆಲಸವನ್ನೆಲ್ಲ ಮಾಡಿ ಮುಗಿಸಿದ ಮೇಲೂ ಆಳು ತನ್ನ ಬಗ್ಗೆ, ಮಾಡಬೇಕಾದದ್ದನ್ನು ಮಾತ್ರ ಮಾಡಿದೆ ಅಂತ ಹೇಳ್ಕೋಬೇಕು ಅಂತ. ಹಾಗಾದರೆ ಪೌಲನ ಮಾತಿಗೂ ಕರ್ತನ ಮಾತಿಗೂ ಜಗಳವಾ?

ಇಲ್ಲ. ಯಾರ ಬಾಯಲ್ಲಿ ಯಾವ ಮಾತು ಇರಬೇಕು ಅನ್ನೋದನ್ನು ನೋಡಿ. ‘ನನ್ನ ಕರ್ತವ್ಯ ಮಾತ್ರ ಮಾಡಿದೆ’ ಅನ್ನೋದು ಕೆಲಸ ಮಾಡಿದವನ ಬಾಯಲ್ಲಿ ಇರಬೇಕಾದ ಮಾತು. ‘ನಿಮ್ಮಿಂದ ನಮಗೆ ಒಳ್ಳೇದಾಯ್ತು’ ಅನ್ನೋದು ಅದನ್ನು ಪಡೆದವರ ಬಾಯಲ್ಲಿ ಇರಬೇಕಾದ ಮಾತು. ಎರಡೂ ನಿಜ. ಅದಲು ಬದಲು ಆದಾಗ ಕೆಡುತ್ತೆ. ಅಧಿಕಾರಿ ತಾನೇ ತನ್ನ ಸೇವೆ ಹೊಗಳ್ಕೊಂಡರೆ ಅದು ಅಹಂಕಾರ. ಪಡೆದವರು ‘ಅವನ ಕರ್ತವ್ಯ ತಾನೇ, ಮಾಡಲಿ ಬಿಡಿ’ ಅಂದರೆ ಅದು ಕೃತಘ್ನತೆ.

ಈಗ ಸಮುವೇಲನ ಹತ್ತಿರ ಬನ್ನಿ. ಸತ್ಯವೇದದಲ್ಲಿರೋ ಒಂದು ಬೀಳ್ಕೊಡುಗೆ ಸಮಾರಂಭ ಇದು. ತಲೆ ನರೆತಿದೆ, ಚಿಕ್ಕಂದಿನಿಂದ ಈವರೆಗೆ ಜನರ ಮುಂದೆ ನಡೆದಿದ್ದಾನೆ, ಈಗ ಅರಸನ ಕೈಗೆ ಜವಾಬ್ದಾರಿ ಹೋಗ್ತಿದೆ. ನಮ್ಮ ಸಮಾರಂಭದಲ್ಲಿ ನಿವೃತ್ತರಾಗೋರು ಕುರ್ಚಿ ಮೇಲೆ ಕೂತಿರ್ತಾರೆ, ಉಳಿದವರು ‘ಸರಳ ಸಜ್ಜನಿಕೆಯ ವ್ಯಕ್ತಿ’ ಅಂತ ಭಾಷಣ ಮಾಡ್ತಾರೆ. ಸಮುವೇಲ ಹಾಗೆ ಕೂರಲಿಲ್ಲ. ಎದ್ದು ನಿಂತು ಪ್ರಶ್ನೆ ಕೇಳ್ತಾನೆ. ಯಾರ ಎತ್ತು ತಗೊಂಡೆ? ಯಾರ ಕತ್ತೆ ತಗೊಂಡೆ? ಯಾರಿಗೆ ಮೋಸ ಮಾಡಿದೆ? ಯಾರನ್ನು ಹಿಂಸಿಸಿದೆ? ಯಾರ ಲಂಚದಿಂದ ಕಣ್ಣು ಮುಚ್ಚಿಕೊಂಡೆ? ಇದ್ದರೆ ಹೇಳಿ, ವಾಪಸ್ ಕೊಡ್ತೀನಿ ಅಂತಾನೆ. ಜನ ಉತ್ತರ ಕೊಡ್ತಾರೆ, ಯಾರ ಕೈಯಿಂದಲೂ ನೀನು ಏನೂ ತಗೊಂಡಿಲ್ಲ ಅಂತ. ದೇವರನ್ನೇ ಸಾಕ್ಷಿ ಇಟ್ಟು ಅದು ದಾಖಲಾಗುತ್ತೆ.

ಇವತ್ತಿನ ಎತ್ತು, ಕತ್ತೆ ಯಾವುದು? ಪಹಣಿ, ಖಾತಾ, ಜಾತಿ ಪ್ರಮಾಣಪತ್ರ, ವಿಧವಾ ವೇತನದ ಅರ್ಜಿ. ನಿವೃತ್ತಿಯ ದಿನ ಒಬ್ಬ ಗ್ರಾಮ ಲೆಕ್ಕಿಗರು ಊರ ಮಧ್ಯೆ ನಿಂತು, ‘ಯಾರ ಖಾತೆಗೆ ಟೇಬಲ್ ಕೆಳಗೆ ದುಡ್ಡು ತಗೊಂಡೆ? ಯಾರ ಫೈಲನ್ನು ಬೇಕಂತಲೇ ಮೂಲೆಗೆ ತಳ್ಳಿದೆ? ಹೇಳಿ’ ಅಂತ ಕೇಳಿ, ಜನ ‘ಇಲ್ಲ’ ಅಂದರೆ, ಯಾವ ಶಾಲು ಅದಕ್ಕೆ ಸಮ?

ಆದರೆ ಇಲ್ಲೇ ನಿಲ್ಲಬಾರದು, ಪ್ರಿಯರೇ. ಲಂಚ ತಗೊಳ್ಳದಿರೋದು ಅಡಿಪಾಯ ಮಾತ್ರ. ನಮ್ಮ ಕಾಲದಲ್ಲಿ ಅಡಿಪಾಯ ನೋಡಿಯೇ ‘ಆಹಾ, ಎಂಥಾ ಮನೆ’ ಅಂತ ಚಪ್ಪಾಳೆ ತಟ್ಟೋ ಪರಿಸ್ಥಿತಿ ಬಂದಿದೆ. ಯಾರ ಎತ್ತನ್ನೂ ತಗೊಳ್ಳದೆ, ಯಾರಿಗೂ ಏನೂ ಮಾಡದೆ, ಮೂವತ್ತು ವರ್ಷ ಸುಮ್ಮನೆ ಕೂತು ಎದ್ದು ಹೋಗೋಕೂ ಆಗುತ್ತೆ. ಅದರ ಮುಂದಿನ ಹೆಜ್ಜೆ ನೋಡಬೇಕಾದರೆ ನೆಹೆಮೀಯ 5ನೇ ಅಧ್ಯಾಯ ಓದಿ. ನೆಹೆಮೀಯ ಪರ್ಷಿಯಾ ಅರಸನ ಕೆಳಗೆ ಅಧಿಕಾರಿ. ಹನ್ನೆರಡು ವರ್ಷ ತನಗೆ ಬರಬೇಕಾದ ಭತ್ಯೆಯನ್ನೂ ತಗೊಳ್ಳಲಿಲ್ಲ, ಯಾಕಂದರೆ ಜನರ ಮೇಲೆ ಹೊರೆ ಆಗಲೇ ಹೆಚ್ಚಾಗಿತ್ತು. ಅದು ತಗೊಳ್ಳದಿರೋದು. ಅದೇ ಅಧ್ಯಾಯದ ಮೊದಲ ಭಾಗದಲ್ಲಿ ಇನ್ನೊಂದಿದೆ. ಸಾಲಕ್ಕೆ ಹೊಲ ಅಡ ಇಟ್ಟವರು, ಸಾಲಕ್ಕಾಗಿ ಮಕ್ಕಳನ್ನೇ ದಾಸತ್ವಕ್ಕೆ ಕೊಟ್ಟವರು ಬಂದು ಅಳ್ತಾರೆ. ನೆಹೆಮೀಯ ಕೋಪಗೊಂಡು, ಯೋಚನೆ ಮಾಡಿ, ದೊಡ್ಡವರನ್ನು ಕರೆಸಿ, ಹೊಲ ಮನೆ ವಾಪಸ್ ಕೊಡಿ ಅಂತ ಮಾತು ತಗೊಳ್ತಾನೆ. ಇದು ಕೊಡೋದು. ತನ್ನ ಅಧಿಕಾರವನ್ನು ಅಧಿಕಾರ ಇಲ್ಲದವರ ಕಡೆಗೆ ತಿರುಗಿಸೋದು.

ಸಾಲಕ್ಕಾಗಿ ದಾಸತ್ವ. ನಮ್ಮ ಭಾಷೆಯಲ್ಲಿ ಅದಕ್ಕೆ ಜೀತ ಅಂತಾರೆ. ತೆಲಂಗಾಣದ ಕಡೆ ವೆಟ್ಟಿ ಅಂತ ಒಂದು ಪದ ಇದೆ. ಈ ಮಾತು ಬಂದಾಗ ಪಕ್ಕದ ರಾಜ್ಯದ ಒಬ್ಬ ಸರ್ಕಾರಿ ಅಧಿಕಾರಿಯ ಬಗ್ಗೆ ಹೇಳಲೇಬೇಕು. ಅವರ ಕಥೆ ಕೊನೆಗೆ ನಮ್ಮ ಕೋಲಾರಕ್ಕೇ ಬಂದು ಸೇರುತ್ತೆ. ಅವರ ಹೆಸರು ಎಸ್. ಆರ್. ಶಂಕರನ್.

ಶಂಕರನ್ ಹುಟ್ಟಿದ್ದು 1934ರಲ್ಲಿ, ತಮಿಳುನಾಡಿನಲ್ಲಿ. ಐಎಎಸ್ ಸೇರಿ ಆಂಧ್ರಪ್ರದೇಶದಲ್ಲಿ ಕೆಲಸ ಮಾಡಿದರು. ಮದುವೆ ಆಗಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಜೀತ ನಿಷೇಧದ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆ ಆಯ್ತು. ಆ ಕಾಯ್ದೆ ಏನು ಹೇಳುತ್ತೆ ಗೊತ್ತಾ? ಜೀತದ ಸಾಲ ರದ್ದು, ತೀರಿಸಬೇಕಾಗಿಲ್ಲ. ಕಿತ್ತುಕೊಂಡ ಆಸ್ತಿ ವಾಪಸ್ ಕೊಡಬೇಕು. ಬಿಡುಗಡೆ ಆದವನನ್ನು ಅವನಿರೋ ಗುಡಿಸಲಿಂದ ಎಬ್ಬಿಸಬಾರದು. ಜೀತಕ್ಕೆ ಇಟ್ಕೊಂಡವನಿಗೆ ಮೂರು ವರ್ಷದವರೆಗೆ ಜೈಲು. ನೆಹೆಮೀಯ 5 ಓದಿದ ಹಾಗೇ ಇದೆ ಅಲ್ವಾ?

ಆದರೆ ಜೀತದಾಳು ಗೆಜೆಟ್ ಓದ್ತಾನಾ? ತಾನು ಸ್ವತಂತ್ರ ಅಂತ ಅವನಿಗೆ ಯಾರು ಹೇಳೋದು? ಊರಿನ ಜಮೀನ್ದಾರನಂತೂ ಹೇಳಲ್ಲ. ಕಾನೂನಿಗೂ ಆ ಮನುಷ್ಯನಿಗೂ ಮಧ್ಯೆ ಇರೋ ದಾರಿಯನ್ನು ಯಾರಾದರೂ ನಡೆಯಬೇಕು. ಶಂಕರನ್ ನಡೆದರು. ಸಮಾಜ ಕಲ್ಯಾಣ ಇಲಾಖೆಯ ಹೊಣೆಯಲ್ಲಿದ್ದಾಗ, ಜೀತದಲ್ಲಿರೋರಿಗೇ ಅವರ ಹಕ್ಕು ತಿಳಿಸೋದು ಅಧಿಕಾರಿಯ ಕೆಲಸ ಅಂತ ನಂಬಿ ಹಾಗೇ ಮಾಡಿದರು. ಅಧಿಕಾರದಲ್ಲಿದ್ದವರಿಗೆ ಅದು ಹಿಡಿಸಲಿಲ್ಲ. ಮುಂದೆ ಶಂಕರನ್ ದೂರದ ತ್ರಿಪುರಾಕ್ಕೆ ಹೋಗಿ, ನೃಪೇನ್ ಚಕ್ರವರ್ತಿ ಮುಖ್ಯಮಂತ್ರಿ ಆಗಿದ್ದಾಗ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಮತ್ತೆ ಆಂಧ್ರಕ್ಕೆ ಬಂದ ಮೇಲೆ, 1987ರ ಡಿಸೆಂಬರ್‌ನಲ್ಲಿ, ಆದಿವಾಸಿ ಪ್ರದೇಶಕ್ಕೆ ಹೋಗಿದ್ದಾಗ ನಕ್ಸಲರು ಅವರನ್ನೂ ಇತರ ಅಧಿಕಾರಿಗಳನ್ನೂ ಅಪಹರಿಸಿದರು. ಬಿಡುಗಡೆ ಆಯ್ತು. ಹೆದರಿ ಬಡವರ ಕಡೆ ಹೋಗೋದನ್ನು ಬಿಟ್ಟರಾ? ಇಲ್ಲ. ಕೇಂದ್ರದಲ್ಲಿ ಗ್ರಾಮೀಣಾಭಿವೃದ್ಧಿ ಕಾರ್ಯದರ್ಶಿಯಾಗಿ 1992ರಲ್ಲಿ ನಿವೃತ್ತರಾದರು. ಮುಂದೆ ಹೈದರಾಬಾದಿನಲ್ಲಿ ಸರಳವಾಗಿ ಬದುಕಿದರು. ಸಂಬಳ, ಪಿಂಚಣಿಯ ದೊಡ್ಡ ಪಾಲನ್ನು ದಲಿತ ಮಕ್ಕಳ ಓದಿಗೆ ಖರ್ಚು ಮಾಡ್ತಿದ್ದರು. 2004ರಲ್ಲಿ ಆಂಧ್ರ ಸರ್ಕಾರ ಮತ್ತು ನಕ್ಸಲರ ನಡುವೆ ಶಾಂತಿ ಮಾತುಕತೆ ನಡೆಯೋಕೆ ಶ್ರಮಪಟ್ಟವರಲ್ಲಿ ಅವರೂ ಒಬ್ಬರು. ತಮ್ಮನ್ನು ಹೊತ್ತುಕೊಂಡು ಹೋಗಿದ್ದವರ ಜೊತೆಗೇ ಶಾಂತಿಗಾಗಿ ಮಾತಾಡೋಕೆ ಅವರು ಸಿದ್ಧರಿದ್ದರು.

2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಘೋಷಿಸಿತು. ಶಂಕರನ್ ಅದನ್ನು ಸ್ವೀಕರಿಸಲಿಲ್ಲ.

ಇಲ್ಲಿ ಲೂಕ 7ಕ್ಕೆ ಬನ್ನಿ. ಕಪೆರ್ನೌಮಿನ ಶತಾಧಿಪತಿ ಸರ್ಕಾರದ ಸಂಬಳ ತಗೊಳ್ಳೋ ಮನುಷ್ಯ, ಯೆಹೂದ್ಯನಲ್ಲ. ಅವನ ಆಳು ಸಾಯೋ ಸ್ಥಿತಿಯಲ್ಲಿದ್ದಾನೆ. ಊರಿನ ಹಿರಿಯರು ಯೇಸುವಿನ ಹತ್ತಿರ ಬಂದು ಏನು ಹೇಳ್ತಾರೆ? ಇವನು ಯೋಗ್ಯನು, ನಮ್ಮ ಜನರನ್ನು ಪ್ರೀತಿಸ್ತಾನೆ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ ಅಂತ. ಶತಾಧಿಪತಿ ಏನು ಹೇಳಿ ಕಳಿಸ್ತಾನೆ? ನೀನು ನನ್ನ ಮನೆಯೊಳಗೆ ಬರೋಕೆ ನಾನು ಯೋಗ್ಯನಲ್ಲ ಅಂತ. ಪಡೆದವರು ಯೋಗ್ಯ ಅಂತಾರೆ, ಮಾಡಿದವನು ಯೋಗ್ಯನಲ್ಲ ಅಂತಾನೆ. ಎರಡು ಬಾಯಲ್ಲಿ ಎರಡು ಮಾತು, ನಾವು ಆಗಲೇ ನೋಡಿದ ಹಾಗೆ. ಕರ್ತನು ಹಿರಿಯರನ್ನು ಗದರಿಸಲಿಲ್ಲ. ‘ಅನ್ಯನನ್ನು ಯಾಕೆ ಹೊಗಳ್ತೀರಿ’ ಅನ್ನಲಿಲ್ಲ. ಅವರ ಜೊತೆ ಹೊರಟರು. ಆಮೇಲೆ ಶತಾಧಿಪತಿಯ ನಂಬಿಕೆ ಕಂಡು ಆಶ್ಚರ್ಯಪಟ್ಟರು.

ಮೂರನೇ ಅನುಮಾನಕ್ಕೆ ಇದೇ ಉತ್ತರ. ನಮ್ಮ ನಂಬಿಕೆಯವರಲ್ಲದವರು ಮಾಡಿದ ಒಳ್ಳೇದನ್ನು ಒಳ್ಳೇದು ಅಂತ ಹೇಳೋದಕ್ಕೆ ಕರ್ತನು ಅಡ್ಡಿ ಮಾಡಲಿಲ್ಲ. ಶಂಕರನ್ ಅವರ ಆತ್ಮದ ಲೆಕ್ಕ ಹಾಕೋ ಕೆಲಸ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಸತ್ಯ ಸಾಕ್ಷಿ ಹೇಳೋ ಕೆಲಸ ನಮ್ಮದು. ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳಬೇಡ ಅನ್ನೋ ಆಜ್ಞೆ ಇದೆಯಲ್ಲ? ನೆರೆಯವನು ಮಾಡಿದ ಒಳ್ಳೇದನ್ನು ಗೊತ್ತಿದ್ದೂ ಮುಚ್ಚಿಡೋದು ಆ ಆಜ್ಞೆಯಿಂದ ತುಂಬಾ ದೂರ ಏನಿಲ್ಲ.

ಸರಿ, ಪ್ರಶಸ್ತಿಯನ್ನೇ ಬೇಡ ಅಂದ ಮನುಷ್ಯನನ್ನು ಹೇಗೆ ಗೌರವಿಸೋದು? ಈಗ ಕೋಲಾರಕ್ಕೆ ಬರೋಣ. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದ ಕೆಜಿಎಫ್. ಚಿನ್ನ ತೆಗೆದವರ ಕಾಲೋನಿಗಳಲ್ಲಿ ಒಣ ಪಾಯಿಖಾನೆಗಳಿದ್ದವು. ಅವುಗಳಿಂದ ಮನುಷ್ಯರು ಕೈಯಾರೆ ಮಲ ಬಾಚಿ ಹೊರ್ತಿದ್ದರು. 1970ರ ದಶಕದಲ್ಲೇ ದೇವರಾಜ ಅರಸು ಸರ್ಕಾರದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದರು. ಆದರೂ ಕೆಜಿಎಫ್‌ನಲ್ಲಿ ಅದು 1990ರ ದಶಕದವರೆಗೂ ನಡೀತಿತ್ತು. ಆ ಕೆಲಸ ಮಾಡ್ತಿದ್ದ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಹುಡುಗ ಬೆಜವಾಡ ವಿಲ್ಸನ್. 1990ರ ದಶಕದ ಮಧ್ಯದಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದಾಗ ವಿಲ್ಸನ್ ಪಕ್ಕದಲ್ಲಿ ನಿಂತವರು ನಿವೃತ್ತ ಅಧಿಕಾರಿ ಶಂಕರನ್. ಯೋಚನೆ ಮಾಡಿ. ಭಾರತ ಸರ್ಕಾರದ ಕಾರ್ಯದರ್ಶಿಯಾಗಿದ್ದವರು ನಿವೃತ್ತಿ ಆದ ಮೇಲೆ ಯಾವ ಯಾವ ಕುರ್ಚಿಯಲ್ಲಿ ಕೂರಬಹುದಿತ್ತು. ಅವರು ಮಲ ಬಾಚುವವರ ಮಕ್ಕಳ ಜೊತೆ ಹೋಗಿ ಕೂತರು.

2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯ್ತು. ತೀರ್ಪು ಬಂದಿದ್ದು 2014ರ ಮಾರ್ಚ್ 27ರಂದು. 1993ರಿಂದ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿದು ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದ್ಯಾವುದನ್ನೂ ಶಂಕರನ್ ನೋಡಲಿಲ್ಲ. 2010ರ ಅಕ್ಟೋಬರ್ 7ರಂದು ತೀರಿಕೊಂಡಿದ್ದರು. ಮೋಶೆ ನೆಬೋ ಬೆಟ್ಟದ ಮೇಲಿಂದ ದೇಶವನ್ನು ದೂರದಿಂದ ನೋಡಿದ ಹಾಗೆ. ದಾಟಿ ಹೋಗೋದು ಯೆಹೋಶುವನ ಪಾಲಿಗೆ ಬಂತು.

ಇವತ್ತಿನ ಸಂದೇಶದ ಮುಖ್ಯ ಮಾತು ಇಲ್ಲಿದೆ, ಬರ್ಕೊಳ್ಳಿ. ಸಾರ್ವಜನಿಕ ಸೇವಕನಿಗೆ ಸಲ್ಲಬೇಕಾದ ಗೌರವವನ್ನು ಅವನು ಸೇವೆ ಮಾಡಿದ ಜನರ ಕೈಗೆ ತಲುಪಿಸಬೇಕು. ಶಾಲು ಅವನ ಹೆಗಲ ಮೇಲೆ ಒಂದು ಸಂಜೆ ಇರುತ್ತೆ. ಅವನು ಬಿಟ್ಟು ಹೋದ ಕೆಲಸವನ್ನು ನಾವು ಹಿಡಿದುಕೊಂಡಾಗ ಮಾತ್ರ ಆ ಸಾಲ ತೀರುತ್ತಾ ಬರುತ್ತೆ. ನಮ್ಮ ಬೆಂಗಳೂರಲ್ಲಿ ಇನ್ನೂ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸೋಕೆ ಕರೆಯೋರಿದ್ದಾರೆ. ನಿಮ್ಮ ಅಪಾರ್ಟ್‌ಮೆಂಟಿನ ಸಂಘದವರು ಹಾಗೆ ಯಾರನ್ನಾದರೂ ಕರೆಸಿದರೆ ಎದ್ದು ನಿಂತು ಬೇಡ ಅನ್ನಿ. ಅದು ಶಂಕರನ್ ಅವರಿಗೆ ನೀವು ಹಾಕೋ ಹಾರ.

ಯೌವನಸ್ಥರೇ, ಇನ್ನೂ ಕೆಲವು ಮಾತು, ಮನೆಗೆ ತಗೊಂಡು ಹೋಗೋಕೆ.

ಗೌರವವನ್ನು ನಿವೃತ್ತಿಯ ದಿನಕ್ಕೆ ಕಾಯಿಸಬೇಡಿ. ಕೆಲಸ ಮಾಡಿಕೊಟ್ಟ ಗುಮಾಸ್ತರಿಗೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ, ಬೆಳಗಿನ ಜಾವ ಬೀದಿ ಗುಡಿಸೋ ಅಕ್ಕನಿಗೆ, ಮನೆ ಮನೆಗೆ ಬರೋ ಆಶಾ ಕಾರ್ಯಕರ್ತೆಗೆ ಆಗಲೇ, ಅಲ್ಲೇ, ಹೆಸರು ಕೇಳಿ ವಂದನೆ ಹೇಳಿ. ಇವರಲ್ಲಿ ಎಷ್ಟೋ ಜನರಿಗೆ ಬೀಳ್ಕೊಡುಗೆ ಸಮಾರಂಭವೇ ಇರಲ್ಲ. ಸಾಧ್ಯ ಆದರೆ ಅವರ ಮೇಲಧಿಕಾರಿಗೆ ಒಂದು ಪತ್ರ ಬರೆಯಿರಿ. ದೂರು ಬರೆಯೋಕೆ ನಮಗೆ ಬರುತ್ತೆ, ಸಾಕ್ಷಿ ಬರೆಯೋದನ್ನೂ ಕಲಿಯೋಣ.

ಹೊಗಳುವಾಗ ಸಮುವೇಲನ ಜನರ ಹಾಗೆ ನಿರ್ದಿಷ್ಟವಾಗಿ ಹೇಳಿ. ‘ಒಳ್ಳೆಯವರು’ ಅಂದರೆ ಸಾಲದು. ಯಾರಿಗೆ, ಯಾವಾಗ, ಏನು ಮಾಡಿದರು ಅಂತ ಹೇಳಿ. ಮಾಡದಿದ್ದನ್ನು ಸೇರಿಸಬೇಡಿ. ಸುಳ್ಳು ಹೊಗಳಿಕೆ ನಿಜವಾಗಿ ದುಡಿದವರಿಗೂ ಅವಮಾನ.

ಲಂಚ ಕೊಡೋ ಕೈ ನಿಮ್ಮದಾಗದಿರಲಿ. ಬೇಗ ಆಗಲಿ ಅಂತ ಏಜೆಂಟ್ ಕೈಯಲ್ಲಿ ನೋಟು ಇಟ್ಟು, ಭಾನುವಾರ ಕೈ ಎತ್ತಿ ಸ್ತುತಿಸೋದು ಬೇಡ. ಪ್ರಾಮಾಣಿಕವಾಗಿರೋಕೆ ಒದ್ದಾಡ್ತಿರೋ ಅಧಿಕಾರಿಯನ್ನು ಮೊದಲು ಬೀಳಿಸೋದು ನಾವು ಕೊಡೋ ಆ ನೋಟೇ.

ಕೊನೇದಾಗಿ, ನಿಮ್ಮಲ್ಲಿ ಕೆಪಿಎಸ್‌ಸಿ, ಯುಪಿಎಸ್‌ಸಿ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದ್ತಿರೋರು ಇದ್ದೀರಿ. ‘ನನಗೆ ದೇವರ ಸೇವೆಗೆ ಕರೆ ಇಲ್ಲ, ಅದಕ್ಕೇ ಇದಕ್ಕೆ ಓದ್ತಿದ್ದೀನಿ’ ಅಂತ ತಲೆ ತಗ್ಗಿಸಬೇಡಿ. ಪೌಲನ ಪದ ನೆನಪಿಡಿ. ಕೆಲಸ ಸಿಕ್ಕಿದ ದಿನ ಮನೆಯವರು ‘ಸಂಬಳ ಎಷ್ಟು’ ಅಂತ ಕೇಳ್ತಾರೆ, ಕೆಲವರು ‘ಮೇಲೆ ಎಷ್ಟು’ ಅಂತಾನೂ ಕೇಳ್ತಾರೆ. ನೀವು ಮಾತ್ರ ಮೊದಲನೇ ದಿನವೇ ಕೊನೇ ದಿನದ ಪ್ರಶ್ನೆಯನ್ನು ಮೇಜಿನ ಮೇಲೆ ಇಟ್ಕೊಳ್ಳಿ. ಯಾರ ಎತ್ತು ತಗೊಂಡೆ? ಅದರ ಕೆಳಗೆ ಇನ್ನೊಂದು ಬರೀರಿ. ಯಾರ ನೊಗ ಇಳಿಸಿದೆ?

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮಗಾಗಿ ಕಾಣದ ಹಾಗೆ ದುಡಿದ ಎಲ್ಲಾ ಕೈಗಳಿಗಾಗಿ ನಿನಗೆ ಸ್ತೋತ್ರ. ನಾವು ತೀರಿಸದೆ ಉಳಿಸಿಕೊಂಡಿರೋ ಮರ್ಯಾದೆಯ ಸಾಲವನ್ನು ನಮಗೆ ತೋರಿಸು. ಕಚೇರಿಗಳಲ್ಲಿ ಒಬ್ಬಂಟಿಯಾಗಿ ಪ್ರಾಮಾಣಿಕವಾಗಿರೋರನ್ನು ಬಲಪಡಿಸು. ಇಲ್ಲಿರೋ ಯೌವನಸ್ಥರಲ್ಲಿ ಕೆಲವರನ್ನು ಆ ಕುರ್ಚಿಗಳಿಗೆ ಕಳಿಸು, ಕುರ್ಚಿಯಿಂದ ಎದ್ದು ಬಡವನ ಬಾಗಿಲಿಗೆ ನಡೆಯೋ ಕಾಲುಗಳನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.